ಕೋಟಿನವನ ಕಾಲೇಜು

ಶನಿ ಹೆಗಲೇರಿ ಬರುತ್ತಾನೆ ಅನ್ನುತ್ತಾರೆ. ನಮ್ಮ ಮನೆಗೆ ಅವನು ಹ್ಯಾಂಗರಿನಲ್ಲಿ ನೇತಾಡಿಕೊಂಡು ಬಂದ. ಮೂರು ಕೋಟು: ಒಂದು ಕಪ್ಪು, ಒಂದು ಬೂದಿ ಬಣ್ಣದ್ದು, ಒಂದು ಬಾಟಲಿ ಹಸಿರು.

ನಮ್ಮದು ಇಸ್ತ್ರಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಅಣ್ಣ ಇಸ್ತ್ರಿ ಹಾಕುತ್ತಾನೆ, ಅತ್ತಿಗೆ ಒಗೆದು ಒಣಗಿಸುತ್ತಾಳೆ, ನಾನು ಗುರುತು ಹಾಕಿ, ಬಿದ್ದ ಗುಂಡಿ ಹೊಲಿದು, ಮಡಿಸಿ ಕಟ್ಟುತ್ತೇನೆ. ಗುರುತು ಅಂದರೆ ಕಾಲರಿನ ಒಳಗೆ ಬಣ್ಣದ ದಾರದ ಎರಡು ಹೊಲಿಗೆ. ಡಾಕ್ಟರಮ್ಮನಿಗೆ ಕೆಂಪು, ಬೇಕರಿಯವರಿಗೆ ಹಳದಿ. ಗಂಡನ ಮನೆ ಬಿಟ್ಟು ಬಂದ ಮೇಲೆ ನನಗೆ ಸಿಕ್ಕ ಕೆಲಸ ಅದು. ಇಲ್ಲಿಯವರೆಗೆ ಒಬ್ಬರ ಅಂಗಿ ಇನ್ನೊಬ್ಬರ ಮೈಮೇಲೆ ಹೋಗಿಲ್ಲ, ಬೇಕಾದರೆ ಯಾರನ್ನಾದರೂ ಕೇಳಿ.

ನಮ್ಮ ತಾಯಿಯನ್ನು ಮನೆಯಲ್ಲಿ ಎಲ್ಲರೂ ಅಜ್ಜಿ ಅಂತಲೇ ಕರೆಯುತ್ತೇವೆ, ಹೆತ್ತ ಮಕ್ಕಳಾದ ನಾವೂ. ಪರದೆಯ ಪಕ್ಕದ ಕುರ್ಚಿಯಲ್ಲಿ ಕೂತು, ಅರ್ಧ ಕೇಳಿಸಿಕೊಂಡು, ಪೂರ್ತಿ ಉತ್ತರ ಕೊಡುವುದು ಅವಳ ಅಭ್ಯಾಸ. ಅಣ್ಣನಿಗೆ ಒಬ್ಬಳೇ ಮಗಳು. ಮಾತು ಕಲಿತ ದಿನದಿಂದ ‘ಯಾಕೆ? ಯಾಕೆ?’ ಅಂತ ಪ್ರಾಣ ತಿಂದದ್ದಕ್ಕೆ ಅವಳು ಯಾಕಮ್ಮ ಆದಳು. ಹೈಸ್ಕೂಲಿನಲ್ಲಿ ಗೋಡೆ ಪತ್ರಿಕೆ ಬರೆಯುತ್ತಿದ್ದಳು. ಶಾಲೆಯ ಬಿಸಿಯೂಟದ ಅಕ್ಕಿಯಲ್ಲಿ ಹುಳ ಇದೆ ಅಂತ ಬರೆದು, ಹೆಡ್‌ಮಾಸ್ಟರ್ ಕರೆಸಿದಾಗ ಹುಳಗಳನ್ನು ಪೊಟ್ಟಣ ಕಟ್ಟಿಕೊಂಡು ಹೋಗಿದ್ದ ಹುಡುಗಿ.

ಇನ್ನು ಕೋಟಿನವನು. ಸಂಜೆ ಏಳರ ವಾರ್ತೆ ಓದುತ್ತಿದ್ದ ಹುಡುಗ, ಹಿಂದಿನ ಬೀದಿಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ. ಕೋಟು ತರುವಾಗ ಮಾತ್ರ ಮೊಣಕಾಲಿನವರೆಗಿನ ಚಡ್ಡಿ, ಹಿಮ್ಮಡಿ ಸವೆದ ಚಪ್ಪಲಿ. ‘ದೊಡ್ಡವರು ಹೀಗೇ ಸಿಂಪಲ್ ಆಗಿರ್ತಾರೆ’ ಅಂದ ಅಣ್ಣ.

ಅವನ ಕೋಟಿನ ಒಳಗೆ, ಲೈನಿಂಗ್ ಬಟ್ಟೆಯ ಮೇಲೆ, ಬಿಳಿ ಪಟ್ಟಿ ಹೊಲಿದು ಶಾಯಿಯಲ್ಲಿ ಅಂಕಿ ಬರೆದಿತ್ತು. ಏಳು, ಒಂಬತ್ತು, ಹನ್ನೆರಡು. ಅಣ್ಣ ಅದನ್ನು ನೋಡಿ ಹಿರಿಹಿರಿ ಹಿಗ್ಗಿದ.

“ನೋಡಿದ್ಯಾ? ಬೇರೆ ಲಾಂಡ್ರಿಯವರ ಗುರುತು! ಅವರನ್ನ ಬಿಟ್ಟು ನಮ್ಮ ಹತ್ರ ಬಂದಿದ್ದಾನೆ.”

“ಗುರುತು ಹಾಕೋ ರೀತಿನಾ ಇದು? ಕೈದಿಗಳಿಗೆ ನಂಬರ್ ಕೊಟ್ಟ ಹಾಗಿದೆ,” ಅಂದೆ ನಾನು.

ಹಸಿರು ಕೋಟಿನ ಎದೆ ಕಪ್ಪು ಕೋಟಿಗಿಂತ ಎರಡು ಬೆರಳು ಅಗಲ ಇತ್ತು. ಅದಕ್ಕೂ ಅಣ್ಣನ ಹತ್ತಿರ ಉತ್ತರ ಸಿದ್ಧ. “ಮೈ ಕೈ ತುಂಬ್ಕೊಳ್ತಿದ್ದಾನೆ ಕಣೇ. ಚೆನ್ನಾಗಿ ಸಂಪಾದ್ನೆ ಇದ್ದೋನು ಚೆನ್ನಾಗಿ ತಿಂತಾನೆ.” ಆ ಹಸಿರು ಕೋಟಿನ ಎಡ ಕಾಲರಿನ ತುದಿ ಸ್ವಲ್ಪ ಹರಿದಿತ್ತು. ಸರಿಯಾದ ದಾರ ಸಿಗದೆ ನಾನು ಒಂಚೂರು ತಿಳಿ ಹಸಿರಿನಲ್ಲೇ ಹೊಲಿದು ಮುಚ್ಚಿದೆ. ಹತ್ತಿರದಿಂದ ನೋಡಿದರೆ ಮಾತ್ರ ಕಾಣುತ್ತದೆ.

ಪಿಯುಸಿ ಪರೀಕ್ಷೆಯ ಫಲಿತಾಂಶ ಬಂದ ದಿನ ಯಾಕಮ್ಮ ತಟ್ಟೆಯ ಮುಂದೆ ಕೂತು, “ನಾನು ಪತ್ರಿಕೋದ್ಯಮ ಓದ್ತೀನಿ,” ಅಂದಳು. ಜಗಳಕ್ಕೆ ನಾವೆಲ್ಲ ಟೊಂಕ ಕಟ್ಟಿ ಕೂತಿದ್ದೆವು. ಅಣ್ಣ ಅನ್ನ ಕಲಸುತ್ತಲೇ “ಓದು” ಅಂದುಬಿಟ್ಟ. ಅತ್ತಿಗೆ ಸೌಟು ಹಿಡಿದವಳು ಹಿಡಿದ ಹಾಗೇ ನಿಂತಳು.

“ಆದ್ರೆ ದೊಡ್ಡ ಕಾಲೇಜಲ್ಲಿ,” ಅಂದ ಅಣ್ಣ. “ಕೋಟಿನವರು ಓದಿದ್ದು ಅಲ್ಲೇ. ನಾನೇ ಕೇಳಿದೀನಿ.”

“ಅಪ್ಪಾ, ಅಲ್ಲಿ ಫೀಸ್ ಎಷ್ಟು ಗೊತ್ತಾ ನಿಂಗೆ? ಸರ್ಕಾರಿ ಕಾಲೇಜಲ್ಲೂ ಅದೇ ಪದವಿ ಇದೆ. ಬಸ್ ಇಳಿದ್ರೆ ಎದುರಿಗೇ.”

“ಸರ್ಕಾರಿ ಕಾಲೇಜಲ್ಲಿ ಓದಿದೋರು ನಮ್ಮ ಅಂಗಡಿಗೆ ಏನು ತರ್ತಾರೆ? ಬಟ್ಟೆ ಕೊಡಕ್ಕೆ ಬರ್ತಾರಲ್ಲ, ಆ ಪೇಪರಿಗೆ ಬರೆಯೋರು, ಅವರು ಓದಿದ್ದು ಅಲ್ಲೇ. ಇರೋದೇ ಎರಡು ಅಂಗಿ. ಒಂದು ಮೈಮೇಲೆ, ಇನ್ನೊಂದು ನನ್ನ ಮೇಜಿನ ಮೇಲೆ.”

“ಬಟ್ಟೆ ನೋಡಿ ಸಂಬಳ ಹೇಳಕ್ಕಾಗತ್ತಾ ಅಪ್ಪಾ?”

“ನಂಗಾಗತ್ತೆ. ಇಡೀ ಬೀದಿದು ಹೇಳ್ತೀನಿ, ಕೇಳು.”

ಅಜ್ಜಿ ಕುರ್ಚಿಯಿಂದಲೇ, “ಯಾರಿಗೋ ಕೋಟಿ ಸಂಬಳ?” ಅಂದಳು.

“ಕೋಟಿ ಅಲ್ಲ ಅಜ್ಜಿ, ಕೋಟು!” ಅಂತ ಕಿರುಚಿದಳು ಯಾಕಮ್ಮ.

“ಕೋಟು ಇದ್ದೋನ ಹತ್ರ ಕೋಟಿನೂ ಇರತ್ತೆ ಬಿಡು,” ಅಂದು ಅಜ್ಜಿ ಬೇಳೆ ಇನ್ನೊಂದು ಸೌಟು ಹಾಕಿಸಿಕೊಂಡಳು.

ಹುಳ ಪೊಟ್ಟಣ ಕಟ್ಟಿದ ಹುಡುಗಿ ಸುಮ್ಮನೆ ಕೂರುತ್ತಾಳೆಯೇ? ಮಾರನೇ ದಿನದಿಂದ ಅವಳು ತಿರುಗಾಟ ಶುರು ಮಾಡಿದಳು. ಎರಡೂ ಕಾಲೇಜಿನಲ್ಲಿ ಪತ್ರಿಕೋದ್ಯಮ ಓದಿ ಹೊರಬಿದ್ದವರನ್ನು ಹುಡುಕಿ, ಅವರ ಆಫೀಸಿನ ಬಾಗಿಲಲ್ಲಿ, ಚಹಾದ ಅಂಗಡಿಯಲ್ಲಿ, ಬಸ್ ನಿಲ್ದಾಣದಲ್ಲಿ ಹಿಡಿದು ನಿಲ್ಲಿಸಿ ಎರಡೇ ಪ್ರಶ್ನೆ ಕೇಳುತ್ತಿದ್ದಳು: ಕೈಗೆ ಎಷ್ಟು ಬರುತ್ತದೆ? ಓದಿನ ಸಾಲ ಎಷ್ಟು ಉಳಿದಿದೆ? ದಿನಾ ಬಿಸಿಲಿಗೆ ಕೆಂಪಾಗಿ ಬಂದು, ನನ್ನ ಪಕ್ಕ ಕೂತು ಗುಂಡಿ ಹೊಲಿಯುತ್ತ ವರದಿ ಒಪ್ಪಿಸುತ್ತಿದ್ದಳು.

“ಸಂಬಳ ಕೇಳಿದ್ರೆ ಎದೆ ಉಬ್ಬಿಸ್ಕೊಂಡು ಹೇಳ್ತಾರೆ ಅತ್ತೆ. ಸಾಲ ಕೇಳಿದ ತಕ್ಷಣ ‘ಚಹಾ ಕುಡಿತೀಯಾ?’ ಅಂತಾರೆ.”

“ಕುಡಿದ್ಯಾ?”

“ಎಷ್ಟು ಸಾಲ ಇದೆಯೋ ಅಷ್ಟು ಲೋಟ ಕುಡಿದಿದ್ರೆ ಇಷ್ಟೊತ್ತಿಗೆ ಆಸ್ಪತ್ರೆಲಿ ಇರ್ತಿದ್ದೆ.”

ದೊಡ್ಡ ಕಾಲೇಜಿಗೂ ಹೋಗಿ ಬಂದಳು. ಅಲ್ಲಿನ ಪ್ರವೇಶದ ಕೋಣೆಯವರು ತಮ್ಮಲ್ಲಿ ಓದಿದವರಲ್ಲಿ ಅತಿ ಹೆಚ್ಚು ಸಂಬಳ ಯಾರದು ಅಂತ ಫೋಟೋ ಸಮೇತ ತೋರಿಸಿದರಂತೆ. ಇವಳು “ಅತಿ ಕಡಿಮೆ ಯಾರದು ಸರ್?” ಅಂದಳಂತೆ. “ಅದನ್ನೆಲ್ಲ ನಾವು ಇಟ್ಕೊಳ್ಳಲ್ಲಮ್ಮ,” ಅಂದರಂತೆ.

ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಅವಳು ಬಾಯಿ ತೆರೆದಳು.

“ಅಮ್ಮಾ, ದೊಡ್ಡ ಕಾಲೇಜಿನೋರಿಗೆ ಮೊದಲನೇ ಕೆಲಸದಲ್ಲಿ ಸಿಗೋದು ಇಪ್ಪತ್ನಾಲ್ಕು ಸಾವಿರ. ಸಾಲದ ಕಂತು ಹನ್ನೊಂದು. ಎಷ್ಟು ಉಳೀತು?”

“ಹದಿಮೂರು,” ಅಂದಳು ಅತ್ತಿಗೆ. ಮನೆಯ ಲೆಕ್ಕದಲ್ಲಿ ಅವಳ ಬಾಯಿ ಯಾವತ್ತೂ ತಪ್ಪುವುದಿಲ್ಲ.

“ಸರ್ಕಾರಿ ಕಾಲೇಜಿನೋರಿಗೆ ಹತ್ತೊಂಬತ್ತು. ಸಾಲ ಇದ್ದೋರೇ ಕಮ್ಮಿ. ಇದ್ದೋರಿಗೂ ಕಂತು ಎರಡು ಸಾವಿರ.”

“ಹದಿನೇಳು.” ಅತ್ತಿಗೆ ಗಂಡನ ಮುಖ ನೋಡಿದಳು. “ರೀ, ಹುಡುಗಿ ಹೇಳೋದ್ರಲ್ಲಿ ಏನು ತಪ್ಪಿದೆ?”

“ತಪ್ಪು ಅವಳದಲ್ಲ, ಹೇಳಿದೋರದು,” ಅಂದ ಅಣ್ಣ. “ಯಾರಾದ್ರೂ ಗುರುತು ಪರಿಚಯ ಇಲ್ಲದ ಹುಡುಗಿಗೆ ನಿಜವಾದ ಸಂಬಳ ಹೇಳ್ತಾರಾ? ‘ದಿನಕ್ಕೆ ಎಷ್ಟಾಗತ್ತೆ ವ್ಯಾಪಾರ’ ಅಂತ ಕೇಳಿದ್ರೆ ನಾನು ಹೇಳ್ತೀನಾ? ಅರ್ಧ ಹೇಳ್ತೀನಿ. ಕಣ್ಣು ಬೀಳಬಾರದು ಅಂತ. ಬಾಯಿ ಸುಳ್ಳು ಹೇಳತ್ತೆ ಮಗಳೇ, ಬಟ್ಟೆ ಹೇಳಲ್ಲ.”

“ಹಾಗಾದ್ರೆ ಕೋಟಿನವರನ್ನೇ ಕೇಳೋಣ, ನಿನ್ನ ಎದುರಿಗೇ,” ಅಂದಳು ಯಾಕಮ್ಮ.

ಕೇಳಿಯೂ ಬಿಟ್ಟಳು. ಆ ವಾರ ಅವನು ಬೂದಿ ಕೋಟು ತೆಗೆದುಕೊಂಡು ಹೋಗಲು ಬಂದಾಗ ಅಣ್ಣ ಇಸ್ತ್ರಿ ಪೆಟ್ಟಿಗೆ ಎತ್ತಿ ನಿಲ್ಲಿಸಿ ಕಿವಿ ಚಾಚಿದ.

“ಸರ್, ಬೇಜಾರು ಮಾಡ್ಕೋಬೇಡಿ. ನಾನು ನಿಮ್ಮ ಕಾಲೇಜಿಗೆ ಸೇರಬೇಕಾ ಬೇಡ್ವಾ ಅಂತ ಯೋಚ್ನೆ ಮಾಡ್ತಿದೀನಿ. ನಿಮಗೆ ಎಷ್ಟು ಬರತ್ತೆ?”

ಅವನು ನಕ್ಕ. ಆ ನಗು ಹಲ್ಲಿನಿಂದ ಆಚೆ ಹೋಗಲಿಲ್ಲ. ಎರಡೂ ಕೈ ಪಕ್ಕಕ್ಕೆ ಚಾಚಿ, “ನೋಡಿದ್ರೆ ಗೊತ್ತಾಗಲ್ವಾ?” ಅಂದು, ಕೋಟನ್ನು ಹೆಗಲಿಗೆ ಹಾಕಿಕೊಂಡು ಹೋದ.

“ಆಯ್ತಲ್ಲ?” ಅಂದ ಅಣ್ಣ, ಗೆದ್ದವನ ಹಾಗೆ. “ಇನ್ನೇನು ಕೇಳ್ತೀಯ?”

“ಅವರು ಏನೂ ಹೇಳ್ಲೇ ಇಲ್ವಲ್ಲಪ್ಪಾ! ಅಡ್ಡಗೋಡೆ ಮೇಲೆ ದೀಪ ಇಟ್ಟು ಹೋದ್ರು.”

“ಬೆಳಕು ನಮ್ಮ ಕಡೆಗೇ ಬಿತ್ತು,” ಅಂದ ಅಣ್ಣ. ಅವನಿಗೆ ಬೇಕಾದಾಗ ಎಂಥ ಚೆಂದದ ಮಾತು ಬರುತ್ತದೆ ನೋಡಿ!

ಆಮೇಲೆ ಮನೆಯಲ್ಲಿ ಎರಡು ವಾರ ಮಾತಿಗಿಂತ ಪಾತ್ರೆಯ ಸದ್ದೇ ಜಾಸ್ತಿ. ಯಾಕಮ್ಮ ಸರ್ಕಾರಿ ಕಾಲೇಜಿನ ಅರ್ಜಿ ತಂದರೆ, ಅಣ್ಣ ಅದನ್ನು ಮಡಿಸಿ ಇಸ್ತ್ರಿ ಮೇಜಿನ ಕಾಲಿನ ಕೆಳಗಿಟ್ಟ, ಮೇಜು ಅಲ್ಲಾಡುತ್ತಿತ್ತಂತೆ. ಅವಳು ಊಟ ಬಿಟ್ಟಳು. ಅವನೂ ಬಿಟ್ಟ. ಅತ್ತಿಗೆ ಇಬ್ಬರ ಪಾಲಿನದನ್ನೂ ಮರುದಿನ ಬಿಸಿ ಮಾಡಿ ನಮಗೇ ಬಡಿಸಿದಳು. ನಾನು ಒಂದು ದಿನ ತಡೆಯಲಾರದೆ, “ಅಣ್ಣ, ಹಾಸಿಗೆ ಇದ್ದಷ್ಟು ಕಾಲು ಚಾಚು. ಅವಳಿಗೇ ಬೇಡ ಅಂತಿರೋದನ್ನ ಸಾಲ ಮಾಡಿ ಯಾಕೆ ತುರುಕ್ತೀಯ?” ಅಂದೆ.

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೇಜಿನ ಮೇಲಿದ್ದ ಯಾರದೋ ಅಂಗಿಯ ತೋಳು ನೇವರಿಸುತ್ತ, ನನಗಲ್ಲ, ಪರದೆಯ ಹಿಂದೆ ನಿಂತಿದ್ದ ಮಗಳಿಗೆ ಕೇಳಿಸುವ ಹಾಗೆ ಹೇಳಿದ.

“ನಾನು ಹುಟ್ಟಿದಾಗಿಂದ ಕಡಿಮೆ ಬೆಲೆದನ್ನೇ ತಗೊಂಡಿದೀನಿ. ಅಕ್ಕಿ ಕಡಿಮೆದು. ಚಪ್ಪಲಿ ಕಡಿಮೆದು. ಇವಳು ಹುಟ್ಟಿದ್ದೂ ಧರ್ಮಾಸ್ಪತ್ರೆಲಿ. ಒಂದೇ ಒಂದು ಸಲ ಅಂಗಡಿಗೆ ಹೋಗಿ, ಮೇಲಿನ ಸಾಲಲ್ಲಿ ಇಟ್ಟಿರೋದನ್ನ ಕೊಡಿ ಅಂತ ಕೇಳ್ಬೇಕು ಅಂತ ಆಸೆ. ನನಗೆ ಅಂತ ಕೇಳ್ತಿಲ್ಲ.”

ಪರದೆ ಅಲ್ಲಾಡಿತು. ಯಾಕಮ್ಮ ಹೊರಗೆ ಬಂದು, ಕಣ್ಣು ಒರೆಸಿಕೊಳ್ಳದೆ, “ಆಯ್ತಪ್ಪಾ,” ಅಂದಳು. ಅಪ್ಪನ ಪ್ರೀತಿಯ ಎದುರು ಯಾವ ಲೆಕ್ಕ ತಾನೇ ನಿಲ್ಲುತ್ತದೆ? ನನಗೆ ಆಗ ಅವನ ಮೇಲೆ ಬಂದ ಸಿಟ್ಟು ಇನ್ನೂ ಆರಿಲ್ಲ, ಅವನನ್ನು ನೋಡಿ ಬಂದ ಸಂಕಟವೂ ಆರಿಲ್ಲ.

ಬ್ಯಾಂಕಿನವರು ಸಾಲಕ್ಕೆ ಆಧಾರ ಕೇಳಿದರು. ನಮ್ಮ ಹತ್ತಿರ ಇದ್ದದ್ದು ಅಂಗಡಿಯ ಕೋಣೆ ಒಂದೇ, ಅದೂ ಅಜ್ಜಿಯ ಹೆಸರಿನಲ್ಲಿ. ಬ್ಯಾಂಕಿನ ಹುಡುಗ ಮನೆಗೇ ಬಂದು ಕಾಗದ ಹರಡಿದ. ಅಜ್ಜಿ ಪೆನ್ನು ಹಿಡಿದು, “ಕೋಣೆ ಹೋಗಲ್ಲ ತಾನೇ?” ಅಂದಳು.

“ಕಂತು ಕಟ್ತಾ ಇದ್ರೆ ಹೋಗಲ್ಲ ಅಜ್ಜಿ.”

“ಕಟ್ತೀವಿ ಬಿಡಪ್ಪ. ಹುಡುಗಿಗೆ ಕೋಟಿ ಸಂಬಳ ಬರತ್ತಂತೆ.”

ಈ ಸಲ ಅವಳನ್ನು ಯಾರೂ ತಿದ್ದಲಿಲ್ಲ.

ಮಳೆಗಾಲ ಶುರುವಾಗುವ ಮೊದಲೇ ಯಾಕಮ್ಮ ದೊಡ್ಡ ಕಾಲೇಜಿನ ಗಾಜಿನ ಬಾಗಿಲು ದಾಟಿದಳು. ನಮ್ಮ ತಟ್ಟೆಗಳು ಸಣ್ಣದಾದವು. ಮೊಟ್ಟೆ ಅಜ್ಜಿಗೆ ಮಾತ್ರ, ಅದೂ ಅರ್ಧ. ಹಾಲಿಗೆ ನೀರು, ನೀರಿಗೆ ಚಹಾ ಪುಡಿ. ಬೇಕರಿಯವರು ಹಿಂದಿನ ದಿನದ ಬ್ರೆಡ್ಡನ್ನು ಅರ್ಧ ಬೆಲೆಗೆ ಕೊಡುತ್ತಿದ್ದರು, ‘ನಾಯಿಗೆ’ ಅಂತ ಹೇಳಿ ಅತ್ತಿಗೆ ತರುತ್ತಿದ್ದಳು. ನಮ್ಮ ಮನೆಯಲ್ಲಿ ನಾಯಿ ಇಲ್ಲ ಅಂತ ಬೇಕರಿಯವರಿಗೆ ಚೆನ್ನಾಗಿ ಗೊತ್ತು. ಅಣ್ಣ ರಾತ್ರಿಪಾಳಿಗೆ ಒಂದು ವಸತಿಗೃಹದ ಹಾಸಿಗೆ ಹೊದಿಕೆ ಇಸ್ತ್ರಿ ಮಾಡಲು ಒಪ್ಪಿಕೊಂಡ. ಆದರೂ ಸಂಜೆ ಏಳಕ್ಕೆ ಅಂಗಡಿಯ ಮೂಲೆಯ ಸಣ್ಣ ಟೀವಿ ಹಚ್ಚುವುದು ತಪ್ಪಲಿಲ್ಲ. “ಬಾರೇ, ನಮ್ಮ ಕೋಟು ಬಂತು,” ಅಂತ ಕರೆಯುತ್ತಿದ್ದ. ಅದೇ ಅವನ ಖುಷಿ.

ಸಾಲದ ಎರಡನೇ ಕಂತು ಕಟ್ಟಿದ ವಾರ ಕೋಟಿನವನು ಅಂಗಡಿಗೆ ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ, ಟೀವಿಯಲ್ಲೂ ಏಳರ ವಾರ್ತೆಗೆ ದಿನಕ್ಕೊಬ್ಬರು. “ರಜೆ ಹಾಕಿರ್ಬೇಕು,” ಅಂದ ಅಣ್ಣ.

ಆ ಸಂಜೆ ಟೀವಿ ಹಚ್ಚಿದಾಗ ವಾರ್ತೆ ಓದುತ್ತಿದ್ದವನು ಮತ್ತೊಬ್ಬ ಹೊಸಬ, ಗುಂಡು ಮುಖದ ದಪ್ಪ ಮನುಷ್ಯ. ಮೈಮೇಲೆ ಬಾಟಲಿ ಹಸಿರು ಕೋಟು. ಇಂಥ ಕೋಟು ಊರಲ್ಲಿ ನೂರು ಇರಬಹುದು ಅಂದುಕೊಂಡೆ. ಕ್ಯಾಮೆರಾ ಹತ್ತಿರ ಬಂತು. ಎಡ ಕಾಲರಿನ ತುದಿಯಲ್ಲಿ, ಬಡ್ಡಿಮಗಂದು, ನನ್ನ ತಿಳಿ ಹಸಿರು ಹೊಲಿಗೆ!

“ಅಣ್ಣ...”

“ನೋಡಿದೆ,” ಅಂದ.

“ಅದು ಅವನ ಕೋಟಲ್ಲ. ಚಾನೆಲ್ಲಿನದು. ಆ ನಂಬರು ಲಾಂಡ್ರಿದಲ್ಲ ಕಣೋ, ಅವರ ಬೀರುವಿಂದು. ಅದಕ್ಕೇ ಒಂದೊಂದು ಒಂದೊಂದು ಅಳತೆ.”

“ನೋಡಿದೆ ಅಂದ್ನಲ್ಲ!” ಅಂತ ಕೂಗಿದ. ಮೇಜಿನ ಮೇಲೆ ಯಾವುದೋ ದಿಂಬಿನ ಚೀಲ ಸುಟ್ಟ ವಾಸನೆ ಬಂತು. ಅವನ ಕೈಯಲ್ಲಿ ಬಟ್ಟೆ ಸುಟ್ಟದ್ದನ್ನು ನಾನು ಅವತ್ತೇ ಮೊದಲು ಕಂಡದ್ದು. ಅತ್ತಿಗೆ ಪರದೆ ಸರಿಸಿ ಬಂದು, ಇಬ್ಬರ ಮುಖ ನೋಡಿ, ಟೀವಿ ನೋಡಿ, ಸ್ವಿಚ್ಚು ಆರಿಸಿದಳು.

ಶನಿವಾರ ಅವನೇ ಬಂದ. ಅದೇ ಚಡ್ಡಿ, ಅದೇ ಚಪ್ಪಲಿ, ಕೈಯಲ್ಲಿ ಒಂದು ಬಿಳಿ ಅಂಗಿ. ಕಾಲರು ನವೆದು ನೂಲು ಎದ್ದಿತ್ತು. ಯಾಕಮ್ಮ ಕಾಲೇಜಿನಿಂದ ಬಂದು ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದಳು.

“ಅಣ್ಣಾ, ಸೋಮವಾರ ಒಂದು ಕಡೆ ಇಂಟರ್‌ವ್ಯೂ ಇದೆ,” ಅಂದ. “ಇದಕ್ಕೊಂದು ಇಸ್ತ್ರಿ ಹಾಕಿಕೊಡಿ. ದುಡ್ಡು ಸ್ವಲ್ಪ ನಿಧಾನವಾಗಿ ಕೊಡ್ತೀನಿ.”

“ಆ ಕೆಲಸ?” ಅಂದ ಅಣ್ಣ.

“ಹೊಸಬರು ಕಡಿಮೆಗೆ ಬರ್ತಾರಂತೆ.”

ಯಾಕಮ್ಮ ಎದ್ದು ನಿಂತಳು. “ಸರ್, ಅವತ್ತು ನಾನು ಬಾಯಿ ಬಿಟ್ಟು ಕೇಳಿದ್ನಲ್ಲ. ಯಾಕೆ ಹೇಳ್ಲಿಲ್ಲ ನೀವು?”

“ಹೇಳಿದ್ನಲ್ಲಮ್ಮ.” ಅವನು ಅವತ್ತಿನ ಹಾಗೇ ಎರಡೂ ಕೈ ಪಕ್ಕಕ್ಕೆ ಚಾಚಿದ. “ನೋಡಿದ್ರೆ ಗೊತ್ತಾಗಲ್ವಾ ಅಂತ.”

ಅವನ ಹರಿದ ಜೇಬು, ಸವೆದ ಹಿಮ್ಮಡಿ ನಮಗೆ ಆಗ ಕಂಡಿತು. ಅವತ್ತೂ ಅಲ್ಲೇ ಇತ್ತು. ನಮ್ಮ ಕಣ್ಣೆಲ್ಲ ಹ್ಯಾಂಗರಿನ ಮೇಲೆ.

“ನಿಮ್ಮ ಸಾಲ ಎಷ್ಟುಳಿದಿದೆ?” ಅಂತ ಕೇಳಿದಳು ಯಾಕಮ್ಮ.

“ಚಹಾ ಕುಡಿತೀಯಾ?” ಅಂದ ಅವನು. ಅವಳಿಗೆ ನಗು ಬಂತು. ಆಮೇಲೆ ಅಳು ತಡೆಯಲಾಗದೆ ಒಳಗೆ ಓಡಿದಳು. ಅಣ್ಣ ಅವನ ಅಂಗಿಗೆ ಎರಡು ಸಲ ಇಸ್ತ್ರಿ ಹಾಕಿದ. ದುಡ್ಡು ಬೇಡ ಅಂದ.

ಸೋಮವಾರ ಅಣ್ಣನೂ ಅತ್ತಿಗೆಯೂ ಕಾಲೇಜಿಗೆ ಹೋದರು. ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಲು ಹೋದ ಹಾಗೆ. ಕಟ್ಟಿದ ಫೀಸು ವಾಪಸ್ಸಿಲ್ಲ ಅಂದರು. ಅಲ್ಲಿಂದ ಬ್ಯಾಂಕಿಗೆ ಹೋದರು. ಓದು ನಡುವೆ ಬಿಟ್ಟರೆ ಇಲ್ಲಿಯವರೆಗಿನ ಸಾಲವನ್ನು ಒಟ್ಟಿಗೇ ಕಟ್ಟಬೇಕು, ಇಲ್ಲವಾದರೆ ಕೋಣೆಗೆ ನೋಟೀಸು ಅಂದರು. ಸರ್ಕಾರಿ ಕಾಲೇಜಿನಲ್ಲಿ ಈ ವರ್ಷದ ಸೀಟು ಮುಗಿದು ಎಷ್ಟೋ ದಿನವಾಗಿತ್ತು. ಮನೆಗೆ ಬಂದು ಅತ್ತಿಗೆ ಚಪ್ಪಲಿ ಕೂಡ ಬಿಡದೆ ಗೋಡೆಗೆ ಒರಗಿ ಕೂತಳು.

“ಯಾಕ್ರೋ, ಏನಂದ್ರು?” ಅಂದಳು ಅಜ್ಜಿ.

“ಚೆನ್ನಾಗಿ ಓದ್ತಾಳಂತೆ,” ಅಂದ ಅಣ್ಣ.

ನಾನು ಏನು ಹೇಳಲಿ? ಹೇಳುವುದನ್ನೆಲ್ಲ ಮೊದಲೇ ಹೇಳಿ ಆಗಿತ್ತು. ಯಾಕಮ್ಮ ಕೂಡ ‘ನಾನು ಆಗ್ಲೇ ಹೇಳಿರಲಿಲ್ವಾ’ ಅಂತ ಒಂದು ಮಾತು ಅನ್ನಲಿಲ್ಲ. ಹಾಗಂತ ಜಗಳವಾಡಿದ್ದರೆ ಅಣ್ಣನಿಗೆ ಉಸಿರಾಡಲು ಒಂದು ದಾರಿಯಾದರೂ ಇರುತ್ತಿತ್ತು. ಅವಳು ಬೆಳಿಗ್ಗೆ ಬ್ರೆಡ್ಡು ಕಟ್ಟಿಕೊಂಡು ಹೋಗುತ್ತಿದ್ದಳು, ಸಂಜೆ ಬಂದು ನನ್ನ ಜೊತೆ ಗುಂಡಿ ಹೊಲಿಯುತ್ತಿದ್ದಳು.

ಮೊನ್ನೆ ಕಾಲೇಜಿನಿಂದ ಬರುವಾಗ ಅವಳ ಕೈಯಲ್ಲಿ ಪ್ಲಾಸ್ಟಿಕ್ ಹೊದಿಸಿದ ನೀಲಿ ಕೋಟು ಇತ್ತು.

“ಅಪ್ಪಾ, ನಾಳೆ ಕ್ಯಾಮೆರಾ ಮುಂದೆ ವಾರ್ತೆ ಓದಿಸ್ತಾರೆ. ಕೋಟು ಕಾಲೇಜಿಂದೇ. ಇಸ್ತ್ರಿ ನಾವೇ ಹಾಕ್ಕೊಂಡು ಬರಬೇಕಂತೆ.”

ಅಣ್ಣ ಕೋಟನ್ನು ಮೇಜಿನ ಮೇಲೆ ಹರಡಿ, ಅಭ್ಯಾಸದಂತೆ ಒಳಮಗ್ಗುಲು ತಿರುವಿದ. ಬಿಳಿ ಪಟ್ಟಿ, ಪಟ್ಟಿಯ ಮೇಲೆ ಅಂಕಿ: ಮೂವತ್ತೊಂದು. ಅವನ ಹೆಬ್ಬೆರಳು ಅದರ ಮೇಲೆ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಒದ್ದೆ ಬಟ್ಟೆ ಹಾಸಿ, ಹೆಗಲಿನಿಂದ ಶುರು ಮಾಡಿ, ತೋಳು, ಬೆನ್ನು, ಕಾಲರು ಎಲ್ಲ ನಿಧಾನವಾಗಿ ಒತ್ತಿದ.

“ಯಾವಾಗ ವಾಪಸ್ ಕೊಡಬೇಕು?”

“ನಾಳೆ ಸಂಜೆ.”

“ಹಾಕ್ಕೋ, ನೋಡೋಣ.”

ಹಾಕಿಕೊಂಡಳು. ಹೆಗಲು ದೊಡ್ಡದಾಗಿ, ತೋಳು ಬೆರಳಿನವರೆಗೆ ಇಳಿದಿತ್ತು. ನಾನು ಒಳಗಿನಿಂದ ಎರಡು ಪಿನ್ನು ಚುಚ್ಚಿ ಸರಿ ಮಾಡಿದೆ. ಅತ್ತಿಗೆ ಬಾಗಿಲಲ್ಲಿ ನಿಂತು ನೋಡಿದಳು. ಹೇಳಬಾರದು, ಹುಡುಗಿ ಟೀವಿಯವಳ ಹಾಗೇ ಕಾಣುತ್ತಿದ್ದಳು.

ಅಷ್ಟರಲ್ಲಿ ಬೇಕರಿಯವರು ತಮ್ಮ ಅಂಗಿಗಳ ಗಂಟು ಹಿಡಿದು ಬಂದವರು ಅಲ್ಲೇ ನಿಂತುಬಿಟ್ಟರು.

“ಅಬ್ಬಬ್ಬಾ! ಏನಮ್ಮಾ ಇದು, ಗುರುತೇ ಸಿಗ್ಲಿಲ್ಲ! ಅಲ್ಲ ಕಣಣ್ಣಾ, ನಮ್ಮ ಹುಡುಗನೂ ಈ ವರ್ಷ ಮುಗಿಸ್ತಾನೆ. ನಿಮ್ಮ ಕಾಲೇಜಿಗೇ ಸೇರಿಸ್ಬೇಕು ಅಂತಿದೀನಿ, ಅಂಗಡಿ ಅಡ ಇಟ್ಟಾದ್ರೂ. ಹೇಗೆ, ಅಲ್ಲಿ ಓದಿದ್ರೆ ಮುಂದೆ ನಾಲ್ಕು ಕಾಸು ಹುಟ್ಟತ್ತಾ?”

ಯಾಕಮ್ಮ ಅಪ್ಪನ ಕಡೆ ನೋಡಿದಳು. ನಾವೆಲ್ಲ ನೋಡಿದೆವು. ಹೇಳಲಿ, ಒಂದು ಮಾತು ಹೇಳಲಿ ಅಂದುಕೊಂಡೆ. ಅಣ್ಣ ಬೇಕರಿಯವರ ಗಂಟನ್ನು ಬಿಚ್ಚಿ, ಒಂದೊಂದೇ ಅಂಗಿ ಕೊಡವಿ ಮೇಜಿನ ಮೇಲಿಟ್ಟ. ನಿನ್ನೆಯ ಬ್ರೆಡ್ಡು ಅವರ ಕೈಯಿಂದಲೇ ಬರುವುದು, ಕೋಣೆ ಅಡ ಇಟ್ಟು ಕೆಟ್ಟೆವು ಅಂತ ಅವರೆದುರೇ ಹೇಗೆ ಬಾಯಿ ಬಿಡುವುದು? ತಲೆ ಎತ್ತಲೇ ಇಲ್ಲ.

“ನೋಡಿದ್ರೆ ಗೊತ್ತಾಗಲ್ವಾ?” ಅಂದ.

ಯಾಕಮ್ಮನ ಬಾಯಿ ತೆರೆಯಿತು, ಅಪ್ಪನ ಬಗ್ಗಿದ ಕುತ್ತಿಗೆ ನೋಡಿ ಮುಚ್ಚಿತು. ಬೇಕರಿಯವರು ಕೋಟನ್ನು ಇನ್ನೊಮ್ಮೆ ಮೇಲಿನಿಂದ ಕೆಳಗೆ ನೋಡಿ, ತಲೆದೂಗಿ, ಮಗನಿಗೆ ಹೇಳಲು ಬೇಗ ಬೇಗ ಮನೆಯ ಕಡೆ ನಡೆದರು.